ಏಳು ಗಂಟೆಯಮ್ಮನ ಫೋಟೋ

ಭಾನುವಾರ ಮಧ್ಯಾಹ್ನ,
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಅಮ್ಮಾ,

ಫೋನಿನಲ್ಲಿ ಮಾತಾಡಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದ ಅರ್ಧ ಕೇಳಿಸಿದರೂ ಕೇಳಿಸಲಿಲ್ಲ ಎನ್ನುತ್ತೀಯ. ಹೋದ ತಿಂಗಳು ನಾನು "ಆ ಫೋಟೋ ವಿಷಯ" ಎಂದು ಬಾಯಿ ತೆರೆಯುವಷ್ಟರಲ್ಲಿ "ಏನೋ ಗೊರಗೊರ ಅಂತಿದೆ ಕಣೇ" ಎಂದು ಫೋನನ್ನು ಅತ್ತಿಗೆಯ ಕೈಗೆ ದಾಟಿಸಿಬಿಟ್ಟೆ. ಅತ್ತಿಗೆ ಪಾಪ, ಏನೂ ತೋಚದೆ ಹೊಸ ವಾಷಿಂಗ್ ಮೆಷೀನಿನ ಗುಣಗಾನ ಮಾಡಿದಳು. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ಕನ್ನಡ, ನೀನು ಟೈಪಿಸ್ಟ್ ಆಗಿದ್ದವಳು. ತಪ್ಪು ಕಂಡಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕುವ ನಿನ್ನ ಚಾಳಿಯನ್ನು ಕೊನೆಯ ಪುಟದವರೆಗೆ ಹೇಗಾದರೂ ತಡೆದುಕೋ. ನಿಂತುಕೊಂಡು ಓದಬೇಡ, ಕೂತುಕೋ.

ರೈಲ್ವೆ ನಿಲ್ದಾಣದ ಕೆಳಗಿನ ಸುರಂಗದಾರಿಗೆ ನಗರಸಭೆಯವರು ಬಣ್ಣ ಬಳಿಸುತ್ತಿದ್ದಾರೆ. ಎರಡೂ ಬದಿಯ ಗೋಡೆಯುದ್ದಕ್ಕೂ 'ನಮ್ಮ ನಗರದ ಗಣ್ಯರು' ಎಂದು ದೊಡ್ಡ ದೊಡ್ಡ ಫೋಟೋ ಫಲಕಗಳು ಬರಲಿವೆ. ಗ್ರಂಥಾಲಯದಲ್ಲಿ ಕೂತವಳಿಗೆ ಬಿಡುವು ಇದ್ದೇ ಇರುತ್ತದೆ ಎಂಬ ಲೋಕದ ನಂಬಿಕೆಯಿಂದಾಗಿ, ಫೋಟೋಗಳ ಕೆಳಗೆ ನಾಲ್ಕು ಸಾಲು ಬರೆಯುವ ಕೆಲಸ ನನ್ನ ತಲೆಗೆ ಬಂತು. ಸಮಿತಿಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, ನಿನ್ನ ಬುದ್ಧಿಹಲ್ಲು ಕಿತ್ತ ಡಾಕ್ಟರು.

ನಮ್ಮ ಊರು ನಿನಗೆ ಗೊತ್ತೇ ಇದೆ. ದೊಡ್ಡ ನಗರದ ಬಗಲಲ್ಲಿ ಬೆಳೆದದ್ದು. ಬೆಳಿಗ್ಗೆ ಎಲ್ಲರೂ ರೈಲು ಹತ್ತಿ ಅಲ್ಲಿಗೆ ಹೋಗುತ್ತಾರೆ, ಸಂಜೆ ಸೋತ ಮುಖ ಹೊತ್ತು ಇಲ್ಲಿಗೆ ಬರುತ್ತಾರೆ. ಇಲ್ಲಿ ಹೆಸರು ಮಾಡುವಷ್ಟು ಹೊತ್ತು ಎಚ್ಚರವಾಗಿರುವವರೇ ಕಡಿಮೆ. ಹಾಗಾಗಿ ಗಣ್ಯರನ್ನು ಹುಡುಕುವುದು ನಾವು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಒಬ್ಬ ವಿಜ್ಞಾನಿ ಸಿಕ್ಕಿದರು. ಅವರ ತಾಯಿಗೆ ರೈಲಿನಲ್ಲಿ ಹೆರಿಗೆ ನೋವು ಬಂದು ಇಲ್ಲಿ ಇಳಿಸಿದರಂತೆ. ಅವರು ನಮ್ಮ ಆಸ್ಪತ್ರೆಯಲ್ಲಿ ಹುಟ್ಟಿ, ಆ ವಾರವೇ ಊರು ಬಿಟ್ಟವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಸಿನಿಮಾದ ಖಳನಟನೊಬ್ಬ ನಮ್ಮ ಹುಡುಗರ ಶಾಲೆಯಲ್ಲಿ ಓದಿ, ಅಲ್ಲಿಂದ ಹೊರಹಾಕಿಸಿಕೊಂಡವನು. ಅವನನ್ನು ಸೇರಿಸುವುದೇ ಎಂದು ನಾನು ಅನುಮಾನಿಸಿದಾಗ ಡಾಕ್ಟರು ಕೇಳಿದರು: "ಹೊರಗೆ ಹಾಕಿದ್ದು ಯಾರಮ್ಮ, ನಮ್ಮ ಶಾಲೆಯವರೇ ತಾನೇ? ಅದಕ್ಕಿಂತ ಸಂಬಂಧ ಇನ್ನೇನು ಬೇಕು?"

ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಬ್ಬ ಮನುಷ್ಯನಿಗೂ ಒಂದು ಊರಿಗೂ ಸಂಬಂಧ ಎಂದು ಯಾವಾಗ ಹೇಳಬಹುದು? ಹುಟ್ಟಿದರೆ ಸಾಕೆ? ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಎಂದು ಯಾವಾಗ ಹೇಳಬಹುದು ಎಂಬುದೂ ಅದರ ಹಿಂದೆಯೇ ಬಂತು. ನನ್ನ ಸ್ವಭಾವ ನಿನಗೆ ಗೊತ್ತು. ಒಂದು ಪ್ರಶ್ನೆಯನ್ನು ಒಳಗೆ ಬಿಟ್ಟರೆ ಅದು ತನ್ನ ಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ.

ಪಟ್ಟಿಯಲ್ಲಿ ಯಾರೂ ತಕರಾರು ಮಾಡದ ಹೆಸರು ಒಂದೇ. ಏಳು ಗಂಟೆಯಮ್ಮ. ಅವರ ರೇಡಿಯೋ ಹೆಸರು ಎಲ್ಲರಿಗೂ ಗೊತ್ತು, ಆದರೂ ಊರು ಕರೆಯುವುದು ಹೀಗೇ. ಊರಾಚೆ ಜಾಗ ಅಗ್ಗವಾಗಿ ಸಿಕ್ಕಿತೆಂದು ಇಲ್ಲಿ ರೇಡಿಯೋ ಕೇಂದ್ರ ಕಟ್ಟಿದ್ದು ನಮ್ಮ ಪುಣ್ಯ. ಸಂಜೆ ಏಳಕ್ಕೆ ಅವರು ವಾರ್ತೆ ಓದಲು ಶುರು ಮಾಡಿದರೆ ಬೀದಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದು ಹೋಗುವಾಗ ಒಂದು ಪದವೂ ತಪ್ಪಿಹೋಗುತ್ತಿರಲಿಲ್ಲ. ನಿವೃತ್ತರಾದ ಮೇಲೆ ಅವರು ಎಲ್ಲಿದ್ದಾರೆಂದು ಸಮಿತಿಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಅವರ ಫೋಟೋ ಹುಡುಕಿದಾಗ ಸಿಕ್ಕಿದ್ದು ಒಂದೇ, ರೇಡಿಯೋದವರ ಹಳೆಯ ಪತ್ರಿಕೆಯಲ್ಲಿ ಅಚ್ಚಾಗಿದ್ದದ್ದು. ಡಾಕ್ಟರು ಅದನ್ನು ಮೇಜಿನ ಮೇಲಿಟ್ಟು, "ನೋಡಿ, ಏನು ಕಳೆ" ಎಂದರು. ನಾನು ನೋಡಿದೆ. ಎರಡು ಜಡೆ, ದಪ್ಪ ಫ್ರೇಮಿನ ಕನ್ನಡಕ, ಫೋಟೋ ತೆಗೆಯುವವನ ಮೇಲೆ ಸ್ವಲ್ಪ ಕೋಪ. ನೀನು.

ಡಾಕ್ಟರಿಗೆ ನಾನು ಬರೀ "ಹೌದು, ಕಳೆಯಾಗಿದೆ" ಎಂದೆ.

ಅಪ್ಪ ತೀರಿಕೊಂಡ ವರ್ಷ ಅವರ ಕನ್ನಡಕದಂಗಡಿ ಖಾಲಿ ಮಾಡುವಾಗ ನೀನು ಹೇಳಿದ್ದನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆಯೇ ನೋಡು. ತಪ್ಪಿದ್ದರೆ ಇಲ್ಲಿ ಮಾತ್ರ ಸುತ್ತು ಹಾಕು. ನೀನು ರೇಡಿಯೋ ಕೇಂದ್ರದಲ್ಲಿ ವಾರ್ತೆಗಳನ್ನು ಟೈಪ್ ಮಾಡುತ್ತಿದ್ದೆ, ಅವರು ಓದುತ್ತಿದ್ದರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ಸ್ನೇಹ. ಅವರಿಗೆ ಆಗಲೇ ಮದುವೆಯಾಗಿತ್ತು. ಪತ್ರಿಕೆಯವರು ವಾರ್ತೆ ಓದುವವರೆಲ್ಲರ ಫೋಟೋ ಕೇಳಿದಾಗ ಅವರ ಅತ್ತೆ ಮನೆಯಲ್ಲಿ ಒಪ್ಪಲಿಲ್ಲ. ಕೊಡದಿದ್ದರೆ ಏಳು ಗಂಟೆಯ ವಾರ್ತೆ ಬೇರೆಯವರ ಪಾಲಾಗುತ್ತಿತ್ತು. ನೀನು, "ನಂದು ಕೊಡು. ನನ್ನ ಮುಖ ಯಾರಿಗೂ ಬೇಕಾಗಿಲ್ಲ" ಎಂದು ಕೆಲಸಕ್ಕೆ ಅರ್ಜಿ ಹಾಕುವಾಗ ತೆಗೆಸಿದ್ದ ಫೋಟೋ ಕೊಟ್ಟೆ. ಆಮೇಲೆ ಸಂತೆಯಲ್ಲಿ, ಬಸ್ಸಿನಲ್ಲಿ ಜನ ನಿನ್ನನ್ನು ಹಿಡಿದು ನಿಲ್ಲಿಸಿ "ಒಂದು ಸಾಲು ಓದಿ ಅಮ್ಮಾ" ಎಂದು ಪೀಡಿಸಿದರು. ನೀನು ಗಂಟಲು ಕೆಟ್ಟಿದೆಯೆಂದು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಓಡಾಡಿದೆ. ಇಲ್ಲಿಯವರೆಗೆ ಹೇಳುವಾಗ ನೀನೂ ನಗುತ್ತಿದ್ದೆ.

ಮುಂದಿನದನ್ನು ಹೇಳುವಾಗ ನಗಲಿಲ್ಲ. ಒಂದು ದಿನ ಅಪ್ಪ ನೀನು ಟೈಪ್ ಮಾಡುವ ಕೋಣೆಗೆ ಬಂದರು. ಜೇಬಿನಿಂದ ಆ ಪತ್ರಿಕೆಯ ಹಾಳೆ ಇಣುಕುತ್ತಿತ್ತು. ನಿನ್ನ ಕನ್ನಡಕ ಕೇಳಿ ತೆಗೆದುಕೊಂಡು ಅದೇನೋ ತಿರುಗಿಸಿ, ಬಗ್ಗಿಸಿ ವಾಪಸು ಕೊಟ್ಟು ಹೋದರು. ಸ್ವಲ್ಪ ದಿನದಲ್ಲಿ ಹಿರಿಯರು ಮಾತಿಗೆ ಬಂದರು. ಕನ್ನಡಕ ಬರೀ ನೆಪ, ಇವರು ಹುಡುಕಿಕೊಂಡು ಬಂದದ್ದು ಏಳು ಗಂಟೆಯ ದನಿಯನ್ನು ಎಂದು ನಿನಗೆ ಅನ್ನಿಸಿತು. ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಮದುವೆಗೆ ಅಪ್ಪ ಹೊಸ ರೇಡಿಯೋ ಬೇರೆ ತಂದರು. ಮದುವೆಯಾದ ಮೊದಲ ವಾರವೇ ಒಂದು ಸಂಜೆ ನೀನು ಅಡುಗೆಮನೆಯಲ್ಲಿರುವಾಗ ನಡುಮನೆಯಲ್ಲಿ ಆ ದನಿ ಓದತೊಡಗಿತು. ಈಗ ಎಲ್ಲ ಗೊತ್ತಾಗಿರುತ್ತದೆ ಎಂದುಕೊಂಡು ನೀನು ಹೊರಗೆ ಬಂದೆ. ಅಪ್ಪ ನಿನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಮುಂದೆಯೂ ಯಾವತ್ತೂ ಹೇಳಲಿಲ್ಲ.

"ನಿಮ್ಮಪ್ಪ ಹುಡುಕಿಕೊಂಡು ಬಂದಿದ್ದು ಅವಳನ್ನ ಕಣೇ. ಸಿಕ್ಕಿದ್ದು ನಾನು. ದೊಡ್ಡ ಮನುಷ್ಯ, ಒಂದು ಮಾತು ಆಡದೆ ಬಾಳ್ವೆ ಮಾಡಿದರು" ಎಂದು ನೀನು ಖಾಲಿ ಕಪಾಟಿನ ಧೂಳು ಒರೆಸುತ್ತ ಹೇಳಿದೆ. ಅಷ್ಟು ವರ್ಷದ ಸಂಸಾರವನ್ನು ನೀನು ಯಾರೋ ಮರೆತುಬಿಟ್ಟ ಕೊಡೆಯ ಹಾಗೆ ಹಿಡಿದುಕೊಂಡು ಬಂದಿದ್ದೀಯ, ಯಾವಾಗ ಬೇಕಾದರೂ ಅದರ ಒಡೆಯರು ಬಂದು ಕೇಳಬಹುದು ಎನ್ನುವಂತೆ. ಅದಕ್ಕೆ ಉತ್ತರ ಇವತ್ತು ತಿಳಿದಿದೆ. ಆದರೆ ತಿಳಿದ ಕ್ರಮದಲ್ಲೇ ಹೇಳುತ್ತೇನೆ. ಇಲ್ಲದಿದ್ದರೆ ನೀನು ನಂಬುವುದಿಲ್ಲ.

ಫಲಕಗಳನ್ನು ಅಚ್ಚಿಗೆ ಕಳಿಸುವ ಮುಂಚೆ ಅವುಗಳ ಕರಡನ್ನು ಗ್ರಂಥಾಲಯದ ಮೆಟ್ಟಿಲ ಬದಿಯ ಗೋಡೆಗೆ ಅಂಟಿಸಿಟ್ಟೆವು. ತಪ್ಪಿದ್ದರೆ ಜನ ಅಲ್ಲೇ ತಿದ್ದಲಿ ಎಂದು ದಾರ ಕಟ್ಟಿದ ಪೆನ್ಸಿಲನ್ನೂ ನೇತುಹಾಕಿದೆವು. ಅದು ನನ್ನದೇ ಯೋಚನೆ, ಒಳ್ಳೆಯದೋ ಕೆಟ್ಟದ್ದೋ ಈಗಲೂ ಹೇಳಲಾರೆ. ಖಳನಟನಿಗೆ ಯಾರೋ ಮೀಸೆ ದಪ್ಪ ಮಾಡಿದರು. ವಿಜ್ಞಾನಿಯ ಕೆಳಗೆ ಒಬ್ಬರು, "ಇವರ ತಾಯಿಗೆ ಸೀಟು ಬಿಟ್ಟುಕೊಟ್ಟಿದ್ದು ನಮ್ಮ ಅಜ್ಜ, ಅವರ ಹೆಸರೂ ಸೇರಿಸಿ" ಎಂದು ಬರೆದರು. ನಿನ್ನ ಫೋಟೋದ ಕೆಳಗೆ ಮಾತ್ರ ಯಾರೂ ಏನೂ ಬರೆಯಲಿಲ್ಲ. ನಾನು ದಿನಾ ಅದರ ಮುಂದೆ ಹಾದುಹೋಗುವಾಗ, ಸತ್ಯ ಹೇಳಬೇಕಾದವಳು ನಾನೇ ಅಲ್ಲವೇ ಎಂದು ನಿಲ್ಲುತ್ತಿದ್ದೆ. ಹೇಳಿದರೆ ನಿನ್ನ ಕಥೆ ಬೀದಿಗೆ ಬರುತ್ತದೆ. ಹೇಳದಿದ್ದರೆ ನಾನು ಬರೆದ ನಾಲ್ಕು ಸಾಲಿನ ಮೇಲೆ ಸುಳ್ಳು ಕೂತಿರುತ್ತದೆ. ಹೀಗೆ ನಿಂತು ನಿಂತು ನಾನು ಏನನ್ನೂ ಮಾಡಲಿಲ್ಲ.

ಹೋದ ಮಂಗಳವಾರ ನಾನು ಕೌಂಟರಿನ ಕೆಳಗೆ ಬಗ್ಗಿ ಬಿದ್ದ ಕಾರ್ಡುಗಳನ್ನು ಆರಿಸುತ್ತಿದ್ದೆ. ಮೇಲಿನಿಂದ ಒಂದು ದನಿ ಬಂತು: "ಪೆನ್ಸಿಲಿನ ಮೊನೆ ಮುರಿದಿದೆ. ನಾನು ಬಾಯಲ್ಲೇ ಹೇಳಬಹುದೇ?"

ಅಮ್ಮಾ, ನಾನು ಏಳಲಿಲ್ಲ. ಆ ದನಿಯನ್ನು ಕೇಳಿ ಇಪ್ಪತ್ತು ವರ್ಷವೇ ಆಗಿರಬೇಕು. ಆದರೂ ನನ್ನ ಕೈ ತಾನಾಗಿ ನಿಂತಿತು, ಚಿಕ್ಕವಳಿದ್ದಾಗ ಏಳು ಗಂಟೆಗೆ ಮನೆಪಾಠದ ಪೆನ್ನು ನಿಲ್ಲುತ್ತಿದ್ದ ಹಾಗೆ. ಎದ್ದು ನೋಡಿದರೆ ಗಿಡ್ಡ ದೇಹದ, ದುಂಡು ಮುಖದ, ಕತ್ತರಿಸಿದ ಬಿಳಿ ಕೂದಲಿನ ಹೆಂಗಸು. ಆ ಮುಖವನ್ನೂ ಆ ದನಿಯನ್ನೂ ಹೊಂದಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ಕರಡಿನ ಕಡೆ ಕೈ ತೋರಿಸಿ, ಮುಖ್ಯಾಂಶಗಳನ್ನು ಓದುವ ಹಾಗೆ ಹೇಳಿದರು: "ಹೆಸರು ಸರಿ. ಇಸವಿ ಸರಿ. ಮುಖ ಬೇರೆಯವರದು."

ಆಮೇಲೆ ನನ್ನನ್ನು ನೋಡಿದರು. ಕೌಂಟರಿನ ಮೇಲೆ ಎರಡೂ ಕೈ ಊರಿ ಹತ್ತಿರ ಬಗ್ಗಿ ನೋಡಿದರು. ದನಿ ಒಮ್ಮೆಗೇ ವಾರ್ತೆಯಿಂದ ಮನೆಗೆ ಇಳಿಯಿತು. "ಅಯ್ಯೋ, ನೀನು ನಮ್ಮ ಟಕಟಕನ ಮಗಳಲ್ವೇನೇ?"

ನಿನ್ನನ್ನು ಅಲ್ಲಿ ಟಕಟಕ ಎಂದು ಕರೆಯುತ್ತಿದ್ದರು ಎಂಬುದನ್ನು ನೀನು ನನಗೆ ಯಾಕೆ ಹೇಳಲಿಲ್ಲ? ಟೈಪ್‌ರೈಟರಿನ ಸದ್ದಿಗೆ ಬಂದ ಹೆಸರಂತೆ. ಕೋಣೆಯಿಂದ ಆ ಸದ್ದು ನಿಂತರೆ ವಾರ್ತೆ ಸಿದ್ಧವಾಯಿತೆಂದು ಕಾವಲುಗಾರ ಬೀಡಿ ಆರಿಸುತ್ತಿದ್ದನಂತೆ.

ಮಾರನೆಯ ದಿನ ಅವರ ಮನೆಗೆ ಹೋದೆ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಲೇ ಇರುತ್ತದೆ, ಅದಿಲ್ಲದಿದ್ದರೆ ನನಗೆ ನಿದ್ದೆ ಬರಲ್ಲ ಎಂದರು. ಗೋಡೆಯ ಮೇಲೆ ಎಲ್ಲರ ಫೋಟೋ ಇದೆ, ಅವರದು ಮಾತ್ರ ಇಲ್ಲ. ಅತ್ತೆಯ ಫೋಟೋ ತೋರಿಸಿ, "ಇವರು ಹೇಳ್ತಿದ್ರು, ದನಿ ಹೊರಗೆ ಹೋದ್ರೆ ಹೋಗ್ಲಿ, ಗಾಳಿಗೆ ಹೋಗುತ್ತೆ. ಮುಖ ಹೋದ್ರೆ ಯಾರದೋ ಜೇಬಲ್ಲಿ ಕೂತುಬಿಡುತ್ತೆ ಅಂತ" ಎಂದರು. "ಕೊನೆಗೆ ಹಾಗೇ ಆಯ್ತು ನೋಡು. ನಿಮ್ಮಮ್ಮನ ಮುಖ ನಿಮ್ಮಪ್ಪನ ಜೇಬಲ್ಲಿ ಕೂತುಬಿಡ್ತು."

ನನಗೆ ಬೇಕಾದ ಕಡೆ ಅವರೇ ಬಂದಿದ್ದರು. ಅಪ್ಪ ನಿಮ್ಮ ದನಿ ಕೇಳಿಯೇ ತಾನೇ ಬಂದದ್ದು ಎಂದು ಕೇಳಿದೆ. ಕೇಳುವಾಗ ನನಗೆ ಭಯವಾಗುತ್ತಿತ್ತು. ಹೌದು ಎಂದುಬಿಟ್ಟರೆ ಅದನ್ನು ನಿನಗೆ ಹೇಳಬೇಕೋ ಬೇಡವೋ ಎಂಬ ಇನ್ನೊಂದು ಭಾರ ನನಗೆ.

ಅವರು ಮೊದಲು ನಕ್ಕರು. ಆಮೇಲೆ, ನಾನು ನಗುತ್ತಿಲ್ಲವೆಂದು ಕಂಡು, ಟೀ ಲೋಟ ಕೆಳಗಿಟ್ಟು ಹೇಳಿದರು. ಅವರು ಹೇಳಿದ್ದನ್ನು ಆದಷ್ಟೂ ಹಾಗೆಯೇ ಬರೆಯುತ್ತೇನೆ.

ಅಪ್ಪ ನಿನ್ನ ಹತ್ತಿರ ಬರುವ ಹಿಂದಿನ ದಿನವೇ ರೇಡಿಯೋ ಕೇಂದ್ರದ ಗೇಟಿಗೆ ಬಂದಿದ್ದರು. ಇದು ನಿನಗೆ ಗೊತ್ತಿಲ್ಲ ಅಲ್ಲವೇ? ಇವರು ವಾರ್ತೆ ಮುಗಿಸಿ ಹೊರಡುವಾಗ ಕಾವಲುಗಾರ, "ಅಮ್ಮಾ, ಯಾರೋ ನಿಮ್ಮನ್ನ ಕೇಳ್ಕೊಂಡು ಬಂದಿದಾರೆ" ಎಂದು ಕೂಗಿದ. ತೆಳ್ಳಗಿನ ಮನುಷ್ಯ, ಕೈಯಲ್ಲಿ ಚರ್ಮದ ಸಣ್ಣ ಚೀಲ. ಇವರು "ಏನಾಗಬೇಕಿತ್ತು?" ಎಂದರು. ಅಷ್ಟೇ ಸಾಕಾಯಿತು. ಅಪ್ಪ ದನಿ ಗುರುತು ಹಿಡಿದರು. ಅಂಗಡಿಯ ಪಕ್ಕದವನ ರೇಡಿಯೋ ದಿನಾ ಗೋಡೆಯಾಚೆಯಿಂದ ಕೇಳಿಸುತ್ತಿತ್ತಲ್ಲ. ಕೈಯಲ್ಲಿದ್ದ ಹಾಳೆ ನೋಡಿದರು, ಇವರನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ತನ್ನ ಕೆಲಸ ಇವತ್ತಿಗೆ ಮುಗಿಯಿತೆಂದು ಇವರು ಅಂದುಕೊಂಡರು.

ಅಪ್ಪ ಹೇಳಿದ್ದು ಇಷ್ಟು: "ಇದು ನೀವಲ್ಲ. ನಿಮಗೆ ಕನ್ನಡಕ ಇಲ್ಲ. ಇವರು ಎಲ್ಲಿ ಸಿಗ್ತಾರೆ?"

ಯಾಕೆ ಎಂದು ಕೇಳಿದರೆ, "ಕನ್ನಡಕ ಎಡಗಡೆ ಇಳಿದಿದೆ ನೋಡಿ. ಕಿವಿ ಹಿಂದೆ ನೋಯ್ತಾ ಇರುತ್ತೆ. ಕಾಗದ ಟೈಪ್ ಮಾಡೋರಾದ್ರೆ ಸಂಜೆ ಹೊತ್ತಿಗೆ ತಲೆನೋವು ಗ್ಯಾರಂಟಿ. ಫೋಟೋ ತೆಗೆದವನಾದ್ರೂ ಹೇಳಬಾರದಾ?" ಎಂದರಂತೆ.

ಟೈಪ್ ಮಾಡುವವಳೆಂದು ಅಪ್ಪನಿಗೆ ಮೊದಲೇ ಹೇಗೆ ಗೊತ್ತಿತ್ತು ಎಂದು ನಾನು ತಡೆದು ಕೇಳಿದೆ. ನನ್ನ ಅನುಮಾನಕ್ಕೆ ಅವರು ಬೇಸರಪಡಲಿಲ್ಲ. ನೀನು ಟೈಪಿಸ್ಟ್ ಎಂದು ನಡುವೆ ತಾನೇ ಅಪ್ಪನಿಗೆ ಹೇಳಿದ್ದು, ಕ್ರಮ ತಪ್ಪಿತು ಎಂದು ತಿದ್ದಿಕೊಂಡರು. ಆ ಹಾಳೆ ಅಪ್ಪನ ಕೈಗೆ ಬಂದದ್ದು ಹೇಗೆ ಎಂಬುದನ್ನೂ ಹೇಳಿದರು. ಗಿರಾಕಿಯೊಬ್ಬ ಮುರಿದ ಕನ್ನಡಕವನ್ನು ಅದರಲ್ಲಿ ಸುತ್ತಿ ತಂದಿದ್ದನಂತೆ. ಮುರಿದದ್ದನ್ನು ಬಿಚ್ಚಿ ಮೇಜಿನ ಮೇಲಿಟ್ಟ ಅಪ್ಪ, ಹಾಳೆಯ ಮೇಲಿದ್ದ ಇನ್ನೊಂದು ಕನ್ನಡಕ ನೋಡುತ್ತ ಕೂತರು. ಅಮ್ಮಾ, ಇದು ಎಷ್ಟರಮಟ್ಟಿಗೆ ಅಪ್ಪ ಎಂದು ನಿನಗೆ ಬೇರೆ ಹೇಳಬೇಕೆ? ಅಣ್ಣನ ಮದುವೆ ಆಲ್ಬಮ್ ನೋಡುವಾಗ ಎಲ್ಲರೂ ಹೆಣ್ಣಿನ ಕಡೆಯವರ ಬಗ್ಗೆ ಮಾತಾಡಿದರೆ, ಅಪ್ಪ ಒಬ್ಬರೇ, "ಹುಡುಗಿಯ ಸೋದರಮಾವನಿಗೆ ಫ್ರೇಮು ಒಂದು ಸೈಜು ದೊಡ್ಡದಾಯ್ತು" ಎಂದು ಕೊರಗುತ್ತಿದ್ದರಲ್ಲ.

ಗುಟ್ಟು ಯಾರಿಗೂ ಹೇಳಬೇಡಿ, ನನ್ನ ಕೆಲಸ ಹೋಗುತ್ತೆ, ಮನೇಲೂ ರಂಪವಾಗುತ್ತೆ ಎಂದು ಇವರು ಅಂಗಲಾಚಿದರು. ಅಪ್ಪ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು. ಮಾತು ಕೊಟ್ಟ ಮೇಲೆ ಅದನ್ನು ಅಕ್ಷರಶಃ ಪಾಲಿಸುವ ಮನುಷ್ಯ. ಯಾರಿಗೂ ಎಂದರೆ ಯಾರಿಗೂ. ಆ ಫೋಟೋದಲ್ಲಿ ಇದ್ದವಳೇ ಹೆಂಡತಿಯಾಗಿ ಮನೆಗೆ ಬಂದ ಮೇಲೂ ಅವಳಿಗೂ ಇಲ್ಲ.

ನನಗೆ ಇಲ್ಲಿ ಸಿಟ್ಟು ಬಂತು. ಗೊತ್ತಿದ್ದವರು ಗೊತ್ತಿದ್ದವರಿಂದ ಮುಚ್ಚಿಡುವುದು ಎಂಥ ಗುಟ್ಟು? ಅವರು ಹೇಳಿದರು, "ನಾನು ನಿಮ್ಮಮ್ಮನಿಗೆ ಹೇಳಿರ್ತೀನಿ ಅಂತ ಅವರು ಅಂದ್ಕೊಂಡ್ರು. ಅವರು ಹೇಳಿರ್ತಾರೆ ಅಂತ ನಾನು. ಕೊನೆಗೆ ಟಕಟಕನಿಗೆ ಯಾರೂ ಏನೂ ಹೇಳಲೇ ಇಲ್ಲ."

ರೇಡಿಯೋದ ವಿಷಯಕ್ಕೆ ಬರುತ್ತೇನೆ. ಅದೇ ನಿನಗೆ ದೊಡ್ಡ ಸಾಕ್ಷಿಯಾಗಿತ್ತಲ್ಲ. ನಿಮ್ಮ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಇವರು ಓದುವ ಕನ್ನಡಕಕ್ಕೆ ಅಪ್ಪನ ಅಂಗಡಿಗೆ ಹೋದರಂತೆ. ಅಪ್ಪ ಲೆನ್ಸ್ ಕೂರಿಸುತ್ತ, ತಲೆ ಎತ್ತದೆ, "ನೀವಿಬ್ಬರೂ ಯಾಕೆ ಮಾತು ಬಿಟ್ಟಿದೀರಿ?" ಎಂದು ಕೇಳಿದರು. "ಕೆಲಸ ಬಿಟ್ಟು ಬಂದಳಲ್ಲ, ಜೀವ ಅಲ್ಲೇ ಇರುತ್ತೆ ಅಂತ ಒಂದು ರೇಡಿಯೋ ತಂದೆ. ನಿಮ್ಮ ದನಿ ಬಂದ ತಕ್ಷಣ ಎದ್ದು ಹೋಗ್ತಾಳೆ. ನಾಳೆ ಕೂರಬಹುದು ಅಂತ ದಿನಾ ಹಾಕ್ತೀನಿ. ನನಗೇನು, ಆ ಲೋಕದ ಸುದ್ದಿ ಕಟ್ಕೊಂಡು ಏನಾಗಬೇಕು?"

ಇವರಿಗೆ ಅದು ಬೇರೆಯೇ ಆಗಿ ಅರ್ಥವಾಯಿತು. ತನ್ನಿಂದಾಗಿ ಬೀದಿಯಲ್ಲಿ ಪಾಡು ಪಟ್ಟ ಗೆಳತಿಗೆ ತನ್ನ ದನಿ ಕೇಳಲೂ ಅಸಹ್ಯವಾಗಿದೆ ಎಂದುಕೊಂಡರು. ಆಮೇಲೆ ನಮ್ಮ ಬೀದಿಯ ಕಡೆ ಬರಲಿಲ್ಲ. ನೀನೂ ಅವರನ್ನು ಮನೆಗೆ ಕರೆಯಲಿಲ್ಲ, ಅಪ್ಪ ಆ ದನಿಯನ್ನು ಎದುರಿಗೆ ಕೇಳಿಬಿಟ್ಟರೆ ಎಂದು.

ಬಸ್ಸು ಹತ್ತದೆ ಮನೆವರೆಗೆ ನಡೆದು ಬಂದೆ. ನಂಬಬೇಕೆ ಎಂದು ನನ್ನನ್ನೇ ಕೇಳಿಕೊಂಡೆ. ವಯಸ್ಸಾದ ಮೇಲೆ ನೆನಪನ್ನು ಎಲ್ಲರೂ ಸ್ವಲ್ಪ ಇಸ್ತ್ರಿ ಮಾಡುತ್ತಾರೆ. ಗೆಳತಿಯ ಮಗಳು ಆಸೆಗಣ್ಣಿನಿಂದ ಕೂತಿದ್ದರೆ ಒಂದು ಸಿಹಿ ಮಾತು ಹೇಳಿ ಕಳಿಸಲೂಬಹುದು. ಆದರೆ ಏಳು ಗಂಟೆಗೆ ನೀನು ಎದ್ದು ಹೋಗುತ್ತಿದ್ದದ್ದು ನಮ್ಮ ನಾಲ್ಕು ಜನರನ್ನು ಬಿಟ್ಟರೆ ಯಾರಿಗೆ ಗೊತ್ತು? ನಾನಾಗಲಿ ಅಣ್ಣನಾಗಲಿ ಯಾರಿಗೂ ಹೇಳಿಲ್ಲ, ನೀನಂತೂ ಹೇಳುವವಳಲ್ಲ. ಅಪ್ಪನೇ ಹೇಳಿರಬೇಕು. ಅಷ್ಟಕ್ಕೇ ಬಿಡದೆ, ಮಾರನೆಯ ದಿನ ಕರಡಿನ ಹತ್ತಿರ ಹೋಗಿ ಭೂತಗನ್ನಡಿ ಹಿಡಿದು ನೋಡಿದೆ. ಹೌದು. ಎಡಗಡೆ ಇಳಿದಿದೆ. ಇಷ್ಟು ವಾರ ದಿನಾ ನೋಡಿದರೂ ನನಗೆ ಕಂಡದ್ದು ನಿನ್ನ ಕೋಪ ಮಾತ್ರ. ಕಿವಿನೋವು ಕಂಡದ್ದು ಅಪ್ಪನಿಗೆ.

ಇನ್ನೊಂದು ಅನುಮಾನವನ್ನೂ ಮುಚ್ಚಿಡುವುದಿಲ್ಲ, ಯಾಕೆಂದರೆ ಅದು ನಿನಗೂ ಬರುತ್ತದೆ. ದನಿಯ ಒಡತಿಗೆ ಮದುವೆಯಾಗಿದೆ ಎಂದು ತಿಳಿದು ಅಪ್ಪ ಮುಖದ ಕಡೆ ತಿರುಗಿರಬಹುದೇ? ಅದನ್ನೂ ನಾಚಿಕೆ ಬಿಟ್ಟು ಕೇಳಿದೆ. ಏಳು ಗಂಟೆಯಮ್ಮ ಸೊಂಟದ ಮೇಲೆ ಕೈಯಿಟ್ಟು, "ಕೇಳಿದ್ರೆ ತಾನೇ ತಿಳಿಯೋದು? ಆ ಮನುಷ್ಯ ನನಗೆ ಮದುವೆಯಾಗಿದೆಯಾ, ಮಕ್ಕಳಿದಾವಾ, ಹೆಸರೇನು, ಒಂದೂ ಕೇಳಲಿಲ್ಲ. ಎಷ್ಟು ಗಂಟೆಗೆ ಟೈಪ್ ಕೋಣೆ ತೆರೆಯುತ್ತೆ ಅಂತ ಕೇಳಿದ್ರು. ನನಗೆ ಸ್ವಲ್ಪ ಅವಮಾನವೇ ಆಯ್ತು. ಊರೆಲ್ಲ ನನ್ನ ದನಿಗೆ ಸಾಯ್ತಿತ್ತು" ಎಂದರು. ಆ ಅವಮಾನ ಇಷ್ಟು ವರ್ಷದ ಮೇಲೂ ಪೂರ್ತಿ ಆರಿರಲಿಲ್ಲ. ಅದಕ್ಕೇ ನಾನು ನಂಬಿದೆ.

ಹಾಗಾಗಿ ಅಮ್ಮಾ, ಅಪ್ಪ ನಿನ್ನನ್ನೇ ಹುಡುಕಿಕೊಂಡು ಬಂದದ್ದು. ನೀನು ಯಾರ ಬದಲಿಗೂ ಸಿಕ್ಕಿದವಳಲ್ಲ. ಆವತ್ತು ಸಂಜೆ ನಡುಮನೆಯಲ್ಲಿ ನಿನ್ನ ಮುಖ ನೋಡಿ ಅವರು ಸುಮ್ಮನಿದ್ದದ್ದು ಕ್ಷಮೆಯಲ್ಲ. ಕ್ಷಮಿಸುವಂಥದ್ದು ಏನಾದರೂ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಬಹುಶಃ ನಿನಗೆ ಖುಷಿಯಾಯಿತೇ ಎಂದು ನೋಡಿದರು, ಅಷ್ಟೇ. ಇದು ನನ್ನ ಊಹೆ, ಪೆನ್ಸಿಲ್ ಸುತ್ತು ಹಾಕಬಹುದು.

ಈ ಸುದ್ದಿ ನಿನಗೆ ಸಂತೋಷ ಕೊಡುತ್ತದೋ, ಇಷ್ಟು ತಡವಾಗಿ ಬಂತಲ್ಲ ಎಂಬ ಸಂಕಟ ಕೊಡುತ್ತದೋ, ನನಗೆ ಗೊತ್ತಿಲ್ಲ. ಎರಡೂ ಇರಬಹುದು. ಬರೆಯಬಾರದು ಎಂದು ಎರಡು ದಿನ ಕೂತೆ. ಆಮೇಲೆ, ಸುಮ್ಮನಿರುವುದು ಒಳ್ಳೆಯದೆಂದು ಎಲ್ಲರೂ ಭಾವಿಸಿದ್ದರಿಂದಲೇ ಇಷ್ಟೆಲ್ಲ ಆಯಿತಲ್ಲ ಎನ್ನಿಸಿ ಪೆನ್ನು ತೆಗೆದುಕೊಂಡೆ.

ಇನ್ನು ಗೋಡೆಯ ವಿಷಯ. ಡಾಕ್ಟರಿಗೆ ಎಲ್ಲ ಹೇಳಬೇಕಾಯಿತು. ಏಳು ಗಂಟೆಯಮ್ಮ ಎಷ್ಟೋ ವರ್ಷದಿಂದ ಅವರ ಹತ್ತಿರವೇ ಹಲ್ಲು ತೋರಿಸಿಕೊಳ್ಳುತ್ತಿದ್ದರೂ ಅವರಿಗೆ ತಿಳಿದಿರಲಿಲ್ಲವಂತೆ. "ಬಾಯಿ ತೆಗೆದು ಕೂತರೆ ಎಲ್ಲರ ದನಿಯೂ ಒಂದೇ ಅಮ್ಮ" ಎಂದು ತಲೆ ಕೆರೆದುಕೊಂಡರು. ಜನಕ್ಕೆ ಯಾವ ಮುಖ ಗೊತ್ತೋ ಅದೇ ಇರಲಿ ಎಂಬುದು ಅವರ ಅಭಿಪ್ರಾಯ. ನಿಜ ಬರೆಯದೆ ನನ್ನಿಂದಾಗದು ಎಂಬುದು ನನ್ನದು. ಹೊಸ ಫೋಟೋ ತೆಗೆಸಿಕೊಳ್ಳಿ, ಈಗ ತಡೆಯುವವರು ಯಾರಿದ್ದಾರೆ ಎಂದು ಏಳು ಗಂಟೆಯಮ್ಮನನ್ನು ಕೇಳಿದೆ. ಅವರು ಕನ್ನಡಿಯ ಕಡೆ ಒಮ್ಮೆ ನೋಡಿ, "ಆ ಹುಡುಗಿ ನನಗಾಗಿ ಮಫ್ಲರ್ ಸುತ್ತಿಕೊಂಡು ಓಡಾಡಿದಾಳೆ. ಈಗ ನನ್ನ ಪಾಡಿಗೆ ನಾನು ಅವಳನ್ನ ಗೋಡೆಯಿಂದ ಕಿತ್ತು ಹಾಕಲೇನು? ಅವಳ ಮುಖ, ಅವಳನ್ನ ಕೇಳು" ಎಂದರು. ನಾನು ಕೇಳುತ್ತಿದ್ದೇನೆ. ನಿನ್ನ ಫೋಟೋ ಇರಲೋ, ಅವರದು ಹಾಕಲೋ, ಇಬ್ಬರದೂ ಅಕ್ಕಪಕ್ಕ ಹಾಕಿ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಲೋ? ಇನ್ನು ಎಂಟು ದಿನ, ಮುಂದಿನ ಸೋಮವಾರದವರೆಗೆ ಅಚ್ಚಿಗೆ ಕೊಡುವುದಿಲ್ಲ ಎಂದು ಡಾಕ್ಟರಿಂದ ಮಾತು ತೆಗೆದುಕೊಂಡಿದ್ದೇನೆ.

ಅಣ್ಣ, ಅತ್ತಿಗೆಯರನ್ನು ಕೇಳಿದೆನೆಂದು ಹೇಳು. ನಿನ್ನ ಕಿವಿಯ ಯಂತ್ರ ಡಬ್ಬಿಯಲ್ಲಿ ಮಲಗಿದೆ ಎಂದು ಅತ್ತಿಗೆ ಚಾಡಿ ಹೇಳಿದ್ದಾಳೆ. ಅದನ್ನು ತೆಗೆದು ಹಾಕಿಕೋ. ಇವತ್ತು ಬೇಕಾಗುತ್ತದೆ.

ನಿನ್ನ ಮುಖವನ್ನೇ ಹೊತ್ತು ತಿರುಗುವ,
ಚಿಕ್ಕವಳು

ತಾ.ಕ: ಈ ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದಿರುವುದನ್ನು ನೀನು ಗಮನಿಸಿರುತ್ತೀಯ. ಇದು ಅಂಚೆಯಲ್ಲಿ ಬಂದದ್ದಲ್ಲ. ಅತ್ತಿಗೆಯ ಕೈಗೆ ಇದನ್ನು ಕೊಟ್ಟು, ಒಳಗೆ ಬನ್ನಿ ಎಂದರೂ ಬರದೆ, "ಅವಳು ಓದಿ ಮುಗಿಸಲಿ, ಕರೆದರೆ ಬರ್ತೀನಿ, ಇಲ್ಲದಿದ್ದರೆ ಸಂಜೆ ರೈಲಿಗೆ ಹೋಗ್ತೀನಿ" ಎಂದು ಒಬ್ಬರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಕೂದಲು ಬೆಳ್ಳಗಾಗಿ ಮುಖ ತುಂಬಾ ಬದಲಾಗಿದೆ, ಕೂಡಲೇ ಗುರುತು ಸಿಗದಿದ್ದರೆ ಗಾಬರಿಯಾಗಬೇಡ. ಅವರಿಗೆ ಮಂಡಿನೋವು, ತುಂಬಾ ಹೊತ್ತು ಅಲ್ಲಿ ಕೂರಿಸಬೇಡ.